ಎಣಿಕೆಯ ಏರಿಕೆಯೂ ತಾಯಿಯ ಅಳಲೂ

ಏಪ್ರಿಲ್ 2ನೆಯ ದಿನವನ್ನು ವಿಶ್ವಸಂಸ್ಥೆಯವರು ಆಟಿಸಂ ಅರಿವಿನ ದಿನವೆಂದು ಗೊತ್ತುಮಾಡಿದಂದಿನಿಂದ, ವರ್ಷಕ್ಕೊಮ್ಮೆ ಆ ದಿನದ ಆಸುಪಾಸಿನಲ್ಲಿ ಪತ್ರಿಕೆಗಳು ಬೆದರಿಸುವಂಥ ಅಂಕೆಗಳನ್ನು ದಪ್ಪಕ್ಷರಗಳಲ್ಲಿ ಅಚ್ಚುಮಾಡುವುದೂ, ಅದರ ಬೆನ್ನಿಗೇ ಈ ಅಂಕಣಕ್ಕೆ ಕಾಗದಗಳು ಬರತೊಡಗುವುದೂ ಒಂದು ವಾಡಿಕೆಯಾಗಿಬಿಟ್ಟಿದೆ. ಬರೆಯುವವರು ಬಹುಮಟ್ಟಿಗೆ ತಾಯಂದಿರು; ಆಗೊಮ್ಮೆ ಈಗೊಮ್ಮೆ ಅಜ್ಜಂದಿರು; ತಂದೆಯರು ಬರೆಯುವುದು ಅಪೂರ್ವ. ದಾವಣಗೆರೆಯಿಂದ ಬರಲಿ, ನ್ಯೂಜೆರ್ಸಿಯಲ್ಲಿ ನೆಲಸಿರುವ ಹಾಸನದ ಹೆಣ್ಣುಮಗಳಿಂದ ಬರಲಿ, ಕಾಗದದ ಮೊದಲ ಭಾಗದಲ್ಲಿರುವುದು ಒಂದೇ ಪ್ರಶ್ನೆ: ನಮ್ಮ ಹಿರಿಯರ ಕಾಲದಲ್ಲಿ ಹೆಸರೇ ಕೇಳದಿದ್ದ ಈ ಸ್ಥಿತಿ ಇಂದು ಬೀದಿಗೊಂದು ಮನೆಯಲ್ಲಿ ಕಾಣಿಸಿಕೊಳ್ಳುತ್ತಿರುವುದೇಕೆ? ಕಾಗದದ ಕಡೆಯ ಸಾಲುಗಳಿಗೆ ಬರುವ ವೇಳೆಗೆ ಪ್ರಶ್ನೆ ಬೇರೆಯೊಂದಾಗಿರುತ್ತದೆ. ಬಸುರಿಯಾಗಿದ್ದಾಗ ಜ್ವರಕ್ಕೆಂದು ನುಂಗಿದ ಮಾತ್ರೆ, 35 ದಾಟಿದ ಮೇಲೆ ಹಡೆದದ್ದು, ಆಪರೇಷನ್ನಿನ ಹೆರಿಗೆ, ಊಟಮಾಡಿಸುವಾಗ ಮಗುವಿನ ಕೈಗೆ ಕೊಟ್ಟ ಮೊಬೈಲು, ಗ್ರಹಣದ ದಿನ ಅರಿಯದೆ ಅಂಗಳಕ್ಕೆ ಇಳಿದದ್ದು, ಇವುಗಳಲ್ಲಿ ಯಾವುದರಿಂದ ಹೀಗಾಯಿತು, ಎಂದರೆ ತನ್ನ ಯಾವ ತಪ್ಪಿನ ಫಲವನ್ನು ಮಗು ಉಣ್ಣುತ್ತಿದೆ, ಎಂಬುದು ಆಕೆಗೆ ತಿಳಿಯಬೇಕಾಗಿದೆ. ಗ್ರಹಣದ ಮಾತಿಗೆ ಇಲ್ಲಿಯೇ ಉತ್ತರ ಹೇಳಿಬಿಡಬಹುದು: ಸೂರ್ಯಚಂದ್ರರಿಗೆ ಹಿಂದೆ ಹಿಡಿಯುತ್ತಿದ್ದಷ್ಟೇ ಗ್ರಹಣ ಇಂದಿಗೂ ಹಿಡಿಯುತ್ತಿದೆ, ಏರಿರುವುದು ಮಕ್ಕಳ ಎಣಿಕೆ ಮಾತ್ರ.

ಒಂದೇ ಕಾಗದದಲ್ಲಿ ಬರುವುದರಿಂದ ಈ ಎರಡು ಪ್ರಶ್ನೆಗಳೂ ಒಂದೇ ಜಾತಿಯವೆಂದು ತೋರಬಹುದು. ಆದರೆ ಮೊದಲನೆಯದು ಲಕ್ಷಾಂತರ ಮಕ್ಕಳ ಸಮುದಾಯವನ್ನು ಕುರಿತದ್ದು, ಅದಕ್ಕೆ ಉತ್ತರವನ್ನು ಹುಡುಕತಕ್ಕವರು ಗಣಿತ ಬಲ್ಲವರು. ಎರಡನೆಯದು ಒಂದು ಮನೆಯ ಒಂದು ಮಗುವನ್ನು ಕುರಿತದ್ದು, ಅದಕ್ಕೆ ಸಮುದಾಯದ ಗಣಿತದಲ್ಲಿ ಉತ್ತರವೇ ಇಲ್ಲ. ಶಿಶುವೈದ್ಯನಾಗಿ ಕಳೆದ ದೀರ್ಘಕಾಲದಲ್ಲಿ, ಮಗುವಿನ ಸ್ಥಿತಿ ತಂದೊಡ್ಡಿದ ಕಷ್ಟಕ್ಕಿಂತ, ಸಮುದಾಯದ ಲೆಕ್ಕವನ್ನು ತನ್ನ ಮೇಲಿನ ತೀರ್ಪೆಂದು ಓದಿಕೊಂಡ ತಾಯಿಯ ಸಂಕಟವೇ ಹೆಚ್ಚು ದುರ್ಭರವಾದದ್ದೆಂದು ನನಗೆ ಎಷ್ಟೋ ಸಲ ತೋರಿದೆ. ಆದಕಾರಣ ಈ ಗಂಟನ್ನು ಬಿಡಿಸುವ ಪ್ರಯತ್ನ ಮಾಡುತ್ತೇನೆ.

ಎಣಿಕೆಯಿಂದಲೇ ತೊಡಗೋಣ. ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ಸೀಮೆಯಲ್ಲಿ ಎಂಟರಿಂದ ಹತ್ತು ವರ್ಷದ ಮಕ್ಕಳನ್ನು ಶೋಧಿಸಿ ವಿಕ್ಟರ್ ಲಾಟರ್ ಎಂಬಾತನು 1966ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆಟಿಸಂ ಇದ್ದ ಮಕ್ಕಳು ಹತ್ತು ಸಾವಿರಕ್ಕೆ 4.5. ಅಮೆರಿಕದ ರೋಗನಿಯಂತ್ರಣ ಕೇಂದ್ರದವರು ಎಂಟು ವರ್ಷದ ಮಕ್ಕಳನ್ನು ಎಣಿಸಿದಾಗ ದೊರೆತದ್ದು 2000ದಲ್ಲಿ 150ಕ್ಕೆ ಒಬ್ಬರು, 2010ರಲ್ಲಿ 68ಕ್ಕೆ ಒಬ್ಬರು, 2022ರಲ್ಲಿ 31ಕ್ಕೆ ಒಬ್ಬರು. ಈ ಸಾಲನ್ನು ಹೀಗೆ ಬರಿದೆ ಓದಿದವರಿಗೆ ಯಾವುದೋ ವಿಷ ಗಾಳಿಯಲ್ಲಿಯೋ ನೀರಿನಲ್ಲಿಯೋ ಬೆರೆತಿದೆಯೆಂದು ಅನ್ನಿಸದಿದ್ದರೆ ಅದೇ ಆಶ್ಚರ್ಯ. ಆದರೆ ಎಣಿಸುವ ಬಗೆಯನ್ನು ಸ್ವಲ್ಪ ಗಮನಿಸಬೇಕು. ಕೇಂದ್ರದವರು ಮನೆಮನೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸುವುದಿಲ್ಲ. ಆಯ್ದ ಕೆಲವು ಸೀಮೆಗಳಲ್ಲಿ ಶಾಲೆಗಳ, ಆಸ್ಪತ್ರೆಗಳ ದಾಖಲೆಗಳನ್ನು ತಿರುವಿಹಾಕಿ, ಅಲ್ಲಿ ಗುರುತಿಸಲ್ಪಟ್ಟವರನ್ನು ಲೆಕ್ಕಹಿಡಿಯುತ್ತಾರೆ. ಅದೇ 2022ರ ಎಣಿಕೆಯಲ್ಲಿ ಟೆಕ್ಸಾಸಿನ ಲರೇಡೋ ಪಟ್ಟಣದಲ್ಲಿ 103 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋ ಸೀಮೆಯಲ್ಲಿ 19ಕ್ಕೆ ಒಬ್ಬರಿಗೆ ಇತ್ತು. ಒಂದೇ ದೇಶದ ಎರಡು ಊರುಗಳ ಮಕ್ಕಳ ಮಿದುಳು ಐದುಪಟ್ಟು ಭಿನ್ನವಾಗಿರುವುದು ನಂಬತಕ್ಕ ಮಾತಲ್ಲ. ಸ್ಯಾನ್ ಡಿಯಾಗೋದಲ್ಲಿ ಮಕ್ಕಳ ವೈದ್ಯರಿಗೆ ಎಳವೆಯಲ್ಲಿಯೇ ಗುರುತಿಸುವ ತರಬೇತಿ ಕೊಟ್ಟು ಬಹಳ ವರ್ಷಗಳಾಗಿವೆ. ನೋಡುವ ಕಣ್ಣು ಎಲ್ಲಿ ಹೆಚ್ಚಿದೆಯೋ ಅಲ್ಲಿ ಕಾಣುವ ಮಕ್ಕಳೂ ಹೆಚ್ಚು.

ನೋಡುವವರು ಹೆಚ್ಚಿದ್ದು ಮಾತ್ರವಲ್ಲದೆ, ನೋಡತಕ್ಕದ್ದು ಏನೆಂಬುದರ ಎಲ್ಲೆಯೂ ವಿಸ್ತಾರವಾಗುತ್ತ ಬಂದಿದೆ. ಬಾಲ್ಟಿಮೋರಿನ ಲಿಯೊ ಕ್ಯಾನರ್ ಎಂಬ ವೈದ್ಯ 1943ರಲ್ಲಿ ಮೊದಲು ವರ್ಣಿಸಿದ ಹನ್ನೊಂದು ಮಕ್ಕಳು, ಜನರಿಂದ ವಿಮುಖರಾಗಿ ತಮ್ಮಲ್ಲೇ ಮುಳುಗಿರುತ್ತ, ಇದ್ದದ್ದು ಇದ್ದಂತೆಯೇ ಇರಬೇಕೆಂದು ಹಟಹಿಡಿಯುತ್ತಿದ್ದವರು. ಆ ಚಿತ್ರಕ್ಕೆ ಪೂರ್ತಿಯಾಗಿ ಒಪ್ಪದ ಮಗುವನ್ನು ಆ ಹೆಸರಿನಿಂದ ಕರೆಯಲು ವೈದ್ಯರು ಬಹುಕಾಲ ಹಿಂಜರಿದರು. ಲಂಡನ್ನಿನ ಲೋರ್ನಾ ವಿಂಗ್ ಎಂಬ ವೈದ್ಯೆ, ಸ್ವತಃ ಇಂಥದೊಂದು ಮಗುವಿನ ತಾಯಿ, ಜುಡಿತ್ ಗೌಲ್ಡ್ ಅವರೊಡನೆ ಕ್ಯಾಂಬರ್ವೆಲ್ ಪ್ರದೇಶದ ಮಕ್ಕಳನ್ನು ಪರಿಶೀಲಿಸಿ 1979ರಲ್ಲಿ ತೋರಿಸಿಕೊಟ್ಟ ಸಂಗತಿಯೆಂದರೆ, ಇದು ಇದೆ ಅಥವಾ ಇಲ್ಲ ಎನ್ನಬಹುದಾದ ಒಂದು ಪೆಟ್ಟಿಗೆಯಲ್ಲ, ತೀವ್ರದಿಂದ ಮೃದುವಿನವರೆಗೆ ಹರಡಿಕೊಂಡಿರುವ ಒಂದು ಶ್ರೇಣಿ ಎಂಬುದು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಮೊದಲಬಾರಿಗೆ ಇದನ್ನು ಪ್ರತ್ಯೇಕವಾಗಿ ಸೇರಿಸಿ, 1987ರಲ್ಲಿ ಲಕ್ಷಣಗಳನ್ನು ಸಡಿಲಿಸಿ, 1994ರಲ್ಲಿ ಆಸ್ಪರ್ಗರ್ ಎಂಬ ಹೆಸರಿನಡಿ ಮಾತು ಚೆನ್ನಾಗಿಯೇ ಬಲ್ಲ ಮಕ್ಕಳನ್ನೂ ಒಳಗೊಂಡು, 2013ರಲ್ಲಿ ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತಂದಿತು. 1990ರಲ್ಲಿ ಅಲ್ಲಿಯ ಶಿಕ್ಷಣ ಕಾನೂನು ಆಟಿಸಂ ಇದ್ದವರಿಗೆ ವಿಶೇಷ ಬೋಧನೆಯ ಹಕ್ಕನ್ನು ಕೊಟ್ಟಮೇಲಂತೂ, ಅದುವರೆಗೆ ಬುದ್ಧಿಮಾಂದ್ಯರ ಪಟ್ಟಿಯಲ್ಲಿದ್ದ ಅನೇಕ ಮಕ್ಕಳು ಈ ಪಟ್ಟಿಗೆ ಬಂದರು. ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿಯಿತು. ಇಳಿದದ್ದರ ಸುದ್ದಿ ಪತ್ರಿಕೆಯಲ್ಲಿ ಬರಲಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿ ನಡೆದದ್ದಾದರೂ ಇದಕ್ಕಿಂತ ಬೇರೆಯಲ್ಲ. ಅಂಗವಿಕಲರ ಹಕ್ಕುಗಳಿಗೆಂದು 1995ರಲ್ಲಿ ಆದ ಕಾನೂನಿನ ಏಳು ವರ್ಗಗಳಲ್ಲಿ ಆಟಿಸಂ ಇರಲೇ ಇಲ್ಲ. ಆ ಕಾಲದಲ್ಲಿ ನನ್ನ ಬಳಿಗೆ ಬರುತ್ತಿದ್ದ ಮಕ್ಕಳಿಗೆ ಬಸ್ಸಿನ ಪಾಸಾಗಲಿ ಮಾಸಾಶನವಾಗಲಿ ದೊರೆಯಬೇಕಾದರೆ ಬುದ್ಧಿಮಾಂದ್ಯವೆಂದೇ ಪ್ರಮಾಣಪತ್ರ ಬೇಕಾಗುತ್ತಿತ್ತು. ಗಣಿತದಲ್ಲಿ ನಮ್ಮನ್ನು ಮೀರಿಸುವ ಹುಡುಗನಿಗೂ ಅದೇ ಕಾಗದ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ ಅನ್ನು ಹೆಸರಿಸಿತು. 2016ರ ಕಾಯಿದೆ 21 ವೈಕಲ್ಯಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಕೊಟ್ಟಿತು. ಹೀಗೆ ಕಾನೂನಿಗೆ ಕಣ್ಣು ಬಂದಮೇಲೆ ಕಚೇರಿಯ ಕಡತಕ್ಕೂ ಅಂಕೆ ಬಂತು. ಪಲ್ವಲ್, ಕಾಂಗ್ರಾ, ಢೇಂಕನಾಲ್, ಉತ್ತರ ಗೋವ, ಹೈದರಾಬಾದ್ ಎಂಬ ಐದು ಕಡೆಗಳಲ್ಲಿ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಮನೆಬಾಗಿಲಿಗೇ ಹೋಗಿ ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮಲ್ಲಿ ಇದರ ಪ್ರಮಾಣ ನೂರಕ್ಕೊಂದರ ಆಸುಪಾಸು. ‘ನಮ್ಮ ಕಾಲದಲ್ಲಿ ಇರಲಿಲ್ಲ’ ಎನ್ನುವ ಅಜ್ಜಂದಿರನ್ನು ನಾನು ವಿನಯದಿಂದ ಕೇಳುವುದುಂಟು: ನಿಮ್ಮೂರಿನಲ್ಲಿ ಯಾರೊಡನೆಯೂ ಸೇರದೆ ಜಗಲಿಯ ಮೂಲೆಯಲ್ಲಿ ಕುಳಿತು ದಾರದ ತುಂಡನ್ನು ದಿನವಿಡೀ ತಿರುಗಿಸುತ್ತಿದ್ದವನೊಬ್ಬ, ಪಂಚಾಂಗದ ತಿಥಿವಾರಗಳನ್ನು ಕೇಳಿದ ಕೂಡಲೆ ಹೇಳುತ್ತಿದ್ದರೂ ಊಟ ಬೇಕೆಂದು ಕೇಳಲಾರದವನೊಬ್ಬ ಇರಲಿಲ್ಲವೆ? ಸ್ವಲ್ಪ ಹೊತ್ತು ಸುಮ್ಮನಿದ್ದು, ಇದ್ದನೆಂದು ಒಪ್ಪುವವರೇ ಹೆಚ್ಚು; ಅವನನ್ನು ಊರು ಪೆದ್ದನೆಂದೋ ದೇವರ ಮಗನೆಂದೋ ಕರೆದು ಸುಮ್ಮನಾಗಿತ್ತು.

ಹಾಗಾದರೆ ಏರಿಕೆಯೆಲ್ಲ ಕಾಗದದ ಮೇಲಿನದೇ ಎಂದು ಕೇಳುವವರಿಗೆ ಅಷ್ಟು ಧೈರ್ಯದಿಂದ ಹೌದೆನ್ನಲಾರೆ. ಡೆನ್ಮಾರ್ಕಿನಲ್ಲಿ 1980ರಿಂದ 1991ರವರೆಗೆ ಹುಟ್ಟಿದ ಮಕ್ಕಳ ದಾಖಲೆಗಳನ್ನು ಪರಿಶೋಧಿಸಿದವರು, ಅಲ್ಲಿಯ ಏರಿಕೆಯ ನೂರಕ್ಕೆ 60 ಪಾಲು, ಲಕ್ಷಣಗಳ ವ್ಯಾಖ್ಯೆ ಬದಲಾದದ್ದರಿಂದಲೂ ಹೊರರೋಗಿಗಳನ್ನು ದಾಖಲೆಗೆ ಸೇರಿಸಿದ್ದರಿಂದಲೂ ಆದದ್ದೆಂದು ಕಂಡುಕೊಂಡರು. ಉಳಿದ ಪಾಲಿನಲ್ಲಿ ಜನರ ಅರಿವು ಬೆಳೆದದ್ದೂ ಇರಬೇಕು, ನಿಜವಾದ ಏರಿಕೆಯೂ ಸ್ವಲ್ಪ ಇರಬೇಕು. ತಂದೆತಾಯಿಗಳ ವಯಸ್ಸು ಲೋಕದೆಲ್ಲೆಡೆ ಹೆಚ್ಚಿದೆ. ಹಿಂದೆ ಬದುಕಲಾರದಿದ್ದ ಅವಧಿಪೂರ್ವ ಶಿಶುಗಳು ಇಂದು ಬದುಕುತ್ತಿವೆ. ಇವೆರಡೂ ಸಂಭವವನ್ನು ತುಸು ಹೆಚ್ಚಿಸತಕ್ಕ ಸಂಗತಿಗಳೇ. ಆದರೆ ಪಿಡುಗು ಎಂಬ ಪದವನ್ನು ಬಳಸುವವರಿಗೆ ಈ ಲೆಕ್ಕಗಳಲ್ಲಿ ಆಧಾರವಿಲ್ಲ.

ಇನ್ನು ಎರಡನೆಯ ಪ್ರಶ್ನೆ. ತಾಯಿಯ ಮೇಲೆ ಈ ಅಪವಾದವನ್ನು ಹೊರಿಸಿದವರು ನಮ್ಮ ಅತ್ತೆಯರು ಮಾತ್ರವೇ ಎಂದು ತಿಳಿಯಬಾರದು. ಮಹಾಪಂಡಿತರೂ ಅದೇ ಕೆಲಸವನ್ನು ಮಾಡಿದ್ದಾರೆ, ಅದೂ ವಿಜ್ಞಾನದ ಹೆಸರಿನಲ್ಲಿ. ಕ್ಯಾನರ್ ತಾನೇ 1949ರಲ್ಲಿ, ಈ ಮಕ್ಕಳ ತಂದೆತಾಯಿಗಳು ವಾತ್ಸಲ್ಯದ ಬಿಸುಪಿಲ್ಲದವರು, ಮಕ್ಕಳು ಶೀತಪೆಟ್ಟಿಗೆಯಲ್ಲಿ ಬೆಳೆದಂತೆ ಬೆಳೆದವರು, ಎಂಬರ್ಥದ ಮಾತನ್ನು ಬರೆದನು. ಷಿಕಾಗೋದ ಬ್ರೂನೋ ಬೆಟ್ಟೆಲ್‌ಹೈಮ್ 1967ರ ತನ್ನ ಗ್ರಂಥದಲ್ಲಿ ಅದನ್ನು ಸಿದ್ಧಾಂತವಾಗಿ ಬೆಳೆಸಿ, ನಾಟ್ಸಿಗಳ ಸೆರೆಶಿಬಿರಗಳಲ್ಲಿ ತಾನು ಕಂಡ ಕೈದಿಗಳಿಗೆ ಈ ಮಕ್ಕಳನ್ನು ಹೋಲಿಸಿದನು. ಆ ಹೋಲಿಕೆಯಲ್ಲಿ ಕಾವಲುಗಾರರ ಸ್ಥಾನ ಯಾರಿಗೆ ದೊರೆಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಲೆಮಾರಿನ ತಾಯಂದಿರು ಮಗುವಿನ ಆರೈಕೆಯ ಜೊತೆಗೆ ಈ ಕಳಂಕವನ್ನೂ ಹೊತ್ತರು. ಈ ವಾದವನ್ನು 1964ರಷ್ಟು ಹಿಂದೆಯೇ ಪ್ರಮಾಣಸಹಿತವಾಗಿ ಪ್ರತಿಭಟಿಸಿದವನು ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ, ಅವನೂ ಇಂಥ ಮಗನೊಬ್ಬನ ತಂದೆಯೇ. 1969ರಲ್ಲಿ ತಂದೆತಾಯಿಗಳ ಸಂಘದ ಸಭೆಯೊಂದರಲ್ಲಿ ಕ್ಯಾನರ್ ಎದ್ದುನಿಂತು, ತಾವೆಲ್ಲರೂ ನಿರ್ದೋಷಿಗಳೆಂದು ಸಾರಿದನು. ನ್ಯಾಯಾಧೀಶನ ಈ ಧಾಟಿಯನ್ನು ಕಂಡು ನನಗೆ ಇಂದಿಗೂ ನಗುವೂ ಸಿಟ್ಟೂ ಒಟ್ಟಿಗೆ ಬರುತ್ತವೆ. ಕಟಕಟೆಗೆ ಎಳೆದವರು ಯಾರು?

ಸಂಶಯಕ್ಕೆ ನಿಜವಾದ ಪರಿಹಾರ ಬಂದದ್ದು ಅವಳಿಮಕ್ಕಳಿಂದ. ಸೂಸನ್ ಫೋಲ್‌ಸ್ಟೈನ್, ಮೈಕೇಲ್ ರಟರ್ ಎಂಬಿಬ್ಬರು 1977ರಲ್ಲಿ 21 ಜೊತೆ ಅವಳಿಗಳನ್ನು ಪರೀಕ್ಷಿಸಿದಾಗ, ಒಂದೇ ಅಂಡದಿಂದ ಹುಟ್ಟಿದ 11 ಜೊತೆಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆಬೇರೆ ಅಂಡಗಳಿಂದ ಹುಟ್ಟಿದ ಹತ್ತು ಜೊತೆಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಒಂದೇ ತಾಯಿ, ಒಂದೇ ಮನೆ, ಒಂದೇ ಮಮತೆ ಇದ್ದೂ ಈ ವ್ಯತ್ಯಾಸ ಬಂದಿರಬೇಕಾದರೆ ಮೂಲವನ್ನು ಬೀಜದಲ್ಲಿ ಹುಡುಕಬೇಕೆಂದಾಯಿತು. ಐದು ದೇಶಗಳ ಇಪ್ಪತ್ತು ಲಕ್ಷ ಮಕ್ಕಳ ದಾಖಲೆಗಳಿಂದ 2019ರಲ್ಲಿ ಹೊರಬಂದ ಅಂದಾಜಿನಂತೆ, ಜನರಲ್ಲಿ ಕಾಣುವ ಸಂಭವದ ವ್ಯತ್ಯಾಸದಲ್ಲಿ ನೂರಕ್ಕೆ 80ರಷ್ಟು ವಂಶವಾಹಿಗಳಿಗೆ ಸಂಬಂಧಿಸಿದ್ದು. ವಂಶವಾಹಿ ಎಂದೊಡನೆ ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ಸೊಸೆಯ ಕಡೆಯದಿರಬೇಕು’ ಎಂದು ಮುಖ ತಿರುಗಿಸುವವರಿದ್ದಾರೆ. ಅವರು ತಿಳಿಯಬೇಕಾದದ್ದು, ಹಿಂದೆ ಯಾರಲ್ಲಿಯೂ ಇಲ್ಲದ ಬದಲಾವಣೆಗಳು ಬೀಜಕೋಶಗಳಲ್ಲಿ ಹೊಸದಾಗಿ ಉಂಟಾಗುತ್ತವೆ ಎಂಬುದು. ಐಸ್‌ಲ್ಯಾಂಡಿನ ಸಂಸಾರಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು 2012ರಲ್ಲಿ ತೋರಿಸಿದಂತೆ, ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದರೆ ಮಗುವಿಗೆ ಬರುವ ಇಂಥ ಹೊಸ ಬದಲಾವಣೆಗಳು ಸುಮಾರು ಎರಡು ಹೆಚ್ಚುತ್ತವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಆದರೂ ವಯಸ್ಸಿನ ಮಾತು ಬಂದಾಗಲೆಲ್ಲ ಸೊಸೆಯ ಕಡೆಗೆ ನೋಡುವ ಹಿರಿಯರು, ಒಮ್ಮೆ ಮಗನ ಜಾತಕವನ್ನೂ ತೆಗೆದು ನೋಡುವುದು ನ್ಯಾಯ.

ಸಂಭವ ಹೆಚ್ಚುತ್ತದೆ ಎಂಬ ಮಾತನ್ನು ಓದುವ ಕ್ರಮವೊಂದಿದೆ. ಯಾವುದೋ ಕಾರಣದಿಂದ ಆಟಿಸಂ ನೂರಕ್ಕೆ 50ರಷ್ಟು ಹೆಚ್ಚುತ್ತದೆಂದು ಪತ್ರಿಕೆ ಬರೆದಿತೆಂದು ಇಟ್ಟುಕೊಳ್ಳೋಣ. ನಮ್ಮಲ್ಲಿ ಮೊದಲಿನ ಪ್ರಮಾಣ ನೂರಕ್ಕೊಂದು; ಅದು ಒಂದೂವರೆಯಾಯಿತು. ಎಂದರೆ ಇನ್ನೂರು ಮಕ್ಕಳಲ್ಲಿ ಇಬ್ಬರಿಗೆ ಇರತಕ್ಕದ್ದು ಮೂವರಿಗೆ. ಉಳಿದ 197 ಮಕ್ಕಳು ಆ ಕಾರಣವಿದ್ದೂ ಆಟಿಸಂ ಇಲ್ಲದೆ ಇದ್ದಾರೆ, ಆ ಮೂವರಲ್ಲಿ ಇಬ್ಬರಿಗೆ ಆ ಕಾರಣವಿಲ್ಲದಿದ್ದರೂ ಬರುತ್ತಿತ್ತು, ಮತ್ತು ಮೂರನೆಯವನು ಯಾರೆಂದು ತೋರಿಸಬಲ್ಲ ಪರೀಕ್ಷೆ ಲೋಕದಲ್ಲಿಲ್ಲ. ಹೀಗಿರುವಲ್ಲಿ ನಿರ್ದಿಷ್ಟವಾದ ತಾಯಿಯೊಬ್ಬಳು ತನ್ನೆಡೆಗೆ ಬೆರಳುಮಾಡಿಕೊಳ್ಳುವುದು ಗಣಿತಕ್ಕೂ ಸಲ್ಲದು, ಧರ್ಮಕ್ಕೂ ಸಲ್ಲದು.

ಮತ್ತೆ ಕೆಲವು ಕಾರಣಗಳು ಸರಿಯಾಗಿ ತೂಗಿದಾಗ ನಿಲ್ಲುವುದೇ ಇಲ್ಲ. ಜ್ವರಕ್ಕೆ ನಾವು ಡೋಲೊ ಎಂದೋ ಕ್ರೋಸಿನ್ ಎಂದೋ ಕೊಳ್ಳುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬಸುರಿಯರು ಮುಟ್ಟಬಾರದೆಂದು ಅಮೆರಿಕದ ಅಧ್ಯಕ್ಷರೇ 2025ರ ಸೆಪ್ಟೆಂಬರಿನಲ್ಲಿ ಘೋಷಿಸಿದಾಗ ನನ್ನ ದೂರವಾಣಿಗೆ ಬಿಡುವಿರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆಯೇ ಸ್ವೀಡನ್ನಿನಲ್ಲಿ ಸುಮಾರು 24.8 ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿದ್ದರು. ಒಟ್ಟಾರೆ ಲೆಕ್ಕದಲ್ಲಿ ಬಹಳ ಅಲ್ಪವಾದ ಏರಿಕೆ ಕಂಡಿತ್ತು; ಒಂದೇ ತಾಯಿಯ ಮಕ್ಕಳಲ್ಲಿ, ಮಾತ್ರೆ ನುಂಗಿದಾಗಿನ ಬಸುರಿನವರನ್ನು ನುಂಗದಿದ್ದಾಗಿನವರೊಡನೆ ಹೋಲಿಸಿದಾಗ ಆ ಏರಿಕೆ ಇಲ್ಲವಾಯಿತು. ಬಸುರಿನಲ್ಲಿ ಜ್ವರವನ್ನು ಏರಲು ಬಿಡುವುದು ಮಾತ್ರ ನಿಶ್ಚಯವಾಗಿ ಅಪಾಯ. ಔಷಧಗಳ ಪೈಕಿ ನಿಜವಾಗಿ ಎಚ್ಚರವಹಿಸತಕ್ಕದ್ದು ಮೂರ್ಛೆರೋಗಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್. ಅದನ್ನು ಸೇವಿಸುತ್ತಿರುವ ಹೆಣ್ಣುಮಕ್ಕಳು ಬಸುರಾಗುವ ಮುಂಚೆಯೇ ವೈದ್ಯರೊಡನೆ ಮಾತನಾಡಬೇಕು, ತಾವಾಗಿಯೇ ಥಟ್ಟನೆ ನಿಲ್ಲಿಸಕೂಡದು.

ಲಸಿಕೆಯ ಕಥೆಯಂತೂ ದುಃಖಕರವಾದ ಪ್ರಹಸನ. ಆಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯ 1998ರಲ್ಲಿ ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು ದಡಾರದ ಸಂಯುಕ್ತ ಲಸಿಕೆಯ ಮೇಲೆ ಸಂದೇಹದ ಬೀಜವನ್ನು ಬಿತ್ತಿದನು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಆ ಲೇಖನವನ್ನು ರದ್ದುಮಾಡಿತು, ಬ್ರಿಟನ್ನಿನ ವೈದ್ಯಮಂಡಲಿ ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಡೆನ್ಮಾರ್ಕಿನ 6,57,461 ಮಕ್ಕಳ ಅಧ್ಯಯನ 2019ರಲ್ಲಿ ಬಂದು ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ತೋರಿಸಿತು. ಜಪಾನಿನಲ್ಲಿ ಆ ಸಂಯುಕ್ತ ಲಸಿಕೆಯನ್ನು 1993ರಲ್ಲಿ ನಿಲ್ಲಿಸಿಯೇಬಿಟ್ಟಿದ್ದರೂ ಯೊಕೊಹಾಮಾದಲ್ಲಿ ಎಣಿಕೆ ಏರುತ್ತಲೇ ಹೋಯಿತು. ಆದರೂ 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲ ಲಸಿಕೆಯ ಆಂದೋಲನ ನಡೆದಾಗ, ಸತ್ತುಹೋಗಿದ್ದ ಆ ಸುಳ್ಳು ವಾಟ್ಸಾಪಿನಲ್ಲಿ ಮರುಹುಟ್ಟು ಪಡೆದು ನನ್ನ ಮೇಜಿನವರೆಗೂ ಬಂತು. ಭ್ರಮೆಗೆ ಕಾರಣ ಊಹಿಸಲಾಗದ್ದೇನೂ ಅಲ್ಲ: ನಮ್ಮಲ್ಲಿ ಎರಡನೆಯ ಚುಚ್ಚುಮದ್ದು ಬೀಳುವುದು ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳಿನೊಳಗೆ, ಮಗುವಿಗೆ ಮಾತು ಬರಲಿಲ್ಲವೆಂಬುದೂ ಬಂದ ಎರಡು ಮಾತು ಹೋಯಿತೆಂಬುದೂ ತಾಯಿಯ ಗಮನಕ್ಕೆ ಬರುವುದು ಅದೇ ಅವಧಿಯಲ್ಲಿ. ವಿಪರ್ಯಾಸವೆಂದರೆ, ಬಸುರಿನಲ್ಲಿ ತಗಲುವ ರುಬೆಲ್ಲ ಸೋಂಕು ಆಟಿಸಂಗೆ ಕಾರಣವಾಗಬಲ್ಲುದೆಂದು ನ್ಯೂಯಾರ್ಕಿನ ಸ್ಟೆಲ್ಲಾ ಚೆಸ್ 1971ರಲ್ಲಿಯೇ 243 ಮಕ್ಕಳನ್ನು ಪರೀಕ್ಷಿಸಿ ತೋರಿಸಿದ್ದಳು. ಜನ ಹೆದರಿ ದೂರವಿಟ್ಟ ಲಸಿಕೆಯೇ, ಕೈಯಲ್ಲಿರುವ ಕೆಲವೇ ರಕ್ಷೆಗಳಲ್ಲಿ ಒಂದು.

ಮೊಬೈಲಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ‘ವರ್ಚುವಲ್ ಆಟಿಸಂ’ ಎಂಬ ಹೆಸರು ಈಚೆಗೆ ಬಹಳ ಓಡಾಡುತ್ತಿದೆಯಾದರೂ ವೈದ್ಯರ ಮಾನ್ಯ ಪಟ್ಟಿಗಳಲ್ಲಿ ಅಂಥ ರೋಗವಿಲ್ಲ. ಜನರ ಮುಖಕ್ಕಿಂತ ಚಲಿಸುವ ಚಿತ್ರಗಳಲ್ಲಿ ಮೊದಲೇ ಹೆಚ್ಚು ಆಸಕ್ತಿಯಿರುವ ಮಗು ಪರದೆಗೆ ಅಂಟಿಕೊಳ್ಳುವುದೂ ಉಂಟಾದ್ದರಿಂದ, ಯಾವುದು ಕಾರಣ ಯಾವುದು ಕಾರ್ಯವೆಂದು ಹೇಳುವುದು ಸುಲಭವಲ್ಲ. ಆದರೂ ಎರಡು ವರ್ಷದೊಳಗಿನ ಮಗುವಿನ ಕೈಗೆ ಅದನ್ನು ಕೊಡಬೇಡಿರೆಂದೇ ನಾನು ಹೇಳುವುದು. ಮಾತು ಮಾತಿನಿಂದಲೇ ಬರತಕ್ಕದ್ದು; ತಾನು ತೊದಲಿದ್ದಕ್ಕೆ ಎದುರಿನವರು ಓಗೊಟ್ಟಾಗ ಮಗು ಕಲಿಯುತ್ತದೆ, ಪರದೆ ಓಗೊಡುವುದಿಲ್ಲ.

ಕಾರಣಗಳ ಬೇಟೆಯಲ್ಲಿ ಕಳೆಯುವ ಕಾಲವೇ ಮಗುವಿಗೆ ಆಗುವ ದೊಡ್ಡ ನಷ್ಟವೆಂದು ನನ್ನ ನಂಬಿಕೆ. ‘ಗಂಡುಮಕ್ಕಳಿಗೆ ಮಾತು ತಡ, ಇವರಪ್ಪನೂ ಹೀಗೇ ಇದ್ದ’ ಎಂದು ಸಮಾಧಾನ ಹೇಳುತ್ತ, ಬಜೆ ತೇಯ್ದು ನಾಲಗೆಗೆ ಹಚ್ಚುತ್ತ, ಹರಕೆ ಹೊರುತ್ತ ಮೂರು ವರ್ಷ ತುಂಬಿಸುವ ಮನೆಗಳು ಇಂದಿಗೂ ಬೇಕಾದಷ್ಟಿವೆ. ಹರಕೆಯನ್ನು ನಾನು ಬೇಡವೆನ್ನುವುದಿಲ್ಲ. ಅದರ ಜೊತೆಗೇ ನೋಡತಕ್ಕದ್ದನ್ನು ನೋಡಿರಿ. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು, ಬೇಕಾದ್ದನ್ನು ಬೆರಳಿನಿಂದ ತೋರಿಸದೆ ನಿಮ್ಮ ಕೈಯನ್ನೇ ಹಿಡಿದೆಳೆಯುವುದು, ಹದಿನಾರು ತಿಂಗಳಾದರೂ ಒಂದು ಪದವಾಡದಿರುವುದು, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಹೇಳದಿರುವುದು, ಯಾವ ವಯಸ್ಸಿನಲ್ಲಿಯೇ ಆಗಲಿ ಬಂದ ಮಾತು ಹೋಗುವುದು, ಇವು ಕಾಯಬಾರದ ಲಕ್ಷಣಗಳು. ಮೊದಲ ಮಗುವಿಗೆ ಆಟಿಸಂ ಇದ್ದರೆ ಮುಂದಿನದಕ್ಕೂ ಬರುವ ಸಂಭವ ಸುಮಾರು ಐದಕ್ಕೊಂದು. ಅದಕ್ಕಾಗಿ ಎರಡನೆಯ ಮಗುವೇ ಬೇಡವೆನ್ನಬೇಕಾಗಿಲ್ಲ, ಕಣ್ಣಿಟ್ಟಿದ್ದರಾಯಿತು. ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯಿಂದ ಗುಣಮಾಡುತ್ತೇವೆಂದು ಲಕ್ಷಗಟ್ಟಲೆ ಹಣ ಕೇಳುವವರಿಗೆ ಮಾತ್ರ ಬಾಗಿಲು ತೆರೆಯಬೇಡಿರಿ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೆಂದೇ ಬಲ್ಲವರಿದ್ದಾರೆ. ಅಷ್ಟು ದೂರ ಹೋಗಲಾರದವರಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರವುಂಟು, ಹುಟ್ಟಿದಂದಿನಿಂದ ಹದಿನೆಂಟು ವರ್ಷದವರೆಗೆ ಅಲ್ಲಿ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಸಂದೇಹವಿದ್ದರೆ ಮುಂದಿನ ಹಬ್ಬದವರೆಗೆ ಕಾಯದೆ ಈ ವಾರವೇ ಕರೆದುಕೊಂಡು ಹೋಗಿರಿ. ಹೋಗುವಾಗ ಮಗುವಿನ ತಂದೆಯೂ ಜೊತೆಗಿರಲಿ.